ಸೆರೆ ಸಿಕ್ಕ ಕುಡಿಕೆ

ಎರಡು ದೇಶಗಳ ನಡುವೆ ಒಂದು ಊರಿತ್ತು. ಆ ಊರಿಗೆ ಹೆಸರಿರಲಿಲ್ಲ. ಯಾವ ಭಾಷೆಯಲ್ಲಿ ಹೆಸರಿಡಬೇಕೆಂದು ಎರಡು ದೇಶಗಳೂ ನೂರು ವರ್ಷ ಜಗಳವಾಡಿ, ದಣಿದು, ಬಿಟ್ಟುಬಿಟ್ಟಿದ್ದವು. ಊರಲ್ಲಿ ಒಂದು ರೈಲು ನಿಲ್ದಾಣ, ಒಂದು ಗಂಟೆ, ಒಂದು ಉದ್ದನೆಯ ಬೆಂಚು, ಬೀಗ ಹಾಕಿದ ಒಂದು ಕೋಣೆ. ಆರು ಹಗಲು ಆರು ರಾತ್ರಿ ಓಡಿ ಬಂದ ಗಾಡಿ ಏಳನೆಯ ದಿನ ಬೆಳಿಗ್ಗೆ ಅಲ್ಲಿ ನಿಲ್ಲುತ್ತಿತ್ತು. ಹಳಿಗಳ ಮೇಲೆ ಅಡ್ಡಲಾಗಿ ಸುಣ್ಣದ ಒಂದು ಗೆರೆ. ಗೆರೆಯ ಆಚೆ ಇನ್ನೊಂದು ದೇಶ.

ಈ ಎರಡು ದೇಶಗಳಿಗೆ ಯಾವುದರಲ್ಲೂ ಒಮ್ಮತವಿರಲಿಲ್ಲ. ಒಂದರಲ್ಲಿ ಹಬ್ಬವಾದರೆ ಇನ್ನೊಂದು ಸೂತಕ ಆಚರಿಸುತ್ತಿತ್ತು. ಆದರೆ ಒಂದೇ ಒಂದು ನಿಯಮದ ಮಟ್ಟಿಗೆ ಎರಡೂ ಅಣ್ಣತಮ್ಮಂದಿರ ಹಾಗಿದ್ದವು. ಬೆಳೆಯುವ ಯಾವುದೂ ಗೆರೆ ದಾಟಕೂಡದು ಎಂಬುದೇ ಆ ನಿಯಮ.

ಅದು ಹುಟ್ಟಿದ್ದು ಹೀಗಂತೆ. ಹಿಂದೆ ಯಾರದೋ ಜೇಬಿನಿಂದ ಒಂದು ಹುಣಿಸೆ ಬೀಜ ಗೆರೆಯ ಪಕ್ಕಕ್ಕೆ ಬಿತ್ತು. ಬೀಜಕ್ಕೇನು ಗೊತ್ತು, ಬೆಳೆಯಿತು. ಬೆಳಿಗ್ಗೆ ಅದರ ನೆರಳು ಒಂದು ದೇಶದ ಮೇಲೆ ಬೀಳುತ್ತಿತ್ತು, ಸಂಜೆ ಇನ್ನೊಂದರ ಮೇಲೆ. ಆ ನೆರಳು ಯಾರದೆಂದು ಎರಡು ಸೈನ್ಯಗಳು ಏಳು ವರ್ಷ ಎದುರುಬದುರು ಕೂತವು. ಕೊನೆಗೆ ದೊಡ್ಡವರೆಲ್ಲ ಸೇರಿ ಮರವನ್ನು ಕಡಿದು ನಿಯಮವನ್ನು ನೆಟ್ಟರು. ಆಮೇಲೆ ಎರಡೂ ಕಡೆಯವರು ಬೋಳು ಬಿಸಿಲಲ್ಲಿ ನಿಂತುಕೊಂಡು ತಾವೇ ಗೆದ್ದೆವೆಂದು ಹೇಳಿಕೊಂಡರು.

ಗಾಡಿ ನಿಂತೊಡನೆ ಮೊದಲ ಗಂಟೆ ಹೊಡೆಯುತ್ತಿತ್ತು. ಮೊದಲ ಗಂಟೆಗೆ ಉಗುರು. ಪ್ರಯಾಣಿಕರು ಇಳಿದು ಸಾಲಾಗಿ ನಿಂತು ಕೈ ಚಾಚುತ್ತಿದ್ದರು, ಉಗುರಿನ ಅಧಿಕಾರಿ ಕತ್ತರಿಸುತ್ತಿದ್ದ. ಎರಡನೆಯ ಗಂಟೆಗೆ ಕೂದಲು. ಗಂಡಸರ ತಲೆ, ಗಡ್ಡ, ಮೀಸೆ ಎಲ್ಲ ಹೋಗುತ್ತಿತ್ತು, ಹೆಂಗಸರ ಜಡೆಯ ತುದಿಯಿಂದ ಎರಡು ಬೆರಳಷ್ಟು ಹೋಗುತ್ತಿತ್ತು. ಕೂದಲು ತುದಿಯಲ್ಲಿ ಬೆಳೆಯುತ್ತದೆ, ತುದಿ ಕತ್ತರಿಸಿದರೆ ಅದರ ಕತೆ ಮುಗಿಯಿತು ಎಂದು ಕೂದಲಿನ ಅಧಿಕಾರಿ ದೃಢವಾಗಿ ನಂಬಿದ್ದ. ಮೂರನೆಯ ಗಂಟೆಗೆ ಬೀಜ. ಹಣ್ಣು ತಂದವರು ಅಲ್ಲೇ ತಿಂದು ಬೀಜ ಉಗುಳಬೇಕು. ಮೆಂತ್ಯ, ಸಾಸಿವೆ, ಜೀರಿಗೆ ತಂದವರು ಒಪ್ಪಿಸಬೇಕು. ಒಪ್ಪಿಸಿ ಕೈಮುಗಿಯಬೇಕು. ಯಾಕೆ ಕೈಮುಗಿಯಬೇಕೆಂದು ಯಾರೂ ಬರೆದಿರಲಿಲ್ಲ, ಆದರೂ ಎಲ್ಲರೂ ಮುಗಿಯುತ್ತಿದ್ದರು. ಮಂತ್ರಕ್ಕಿಂತ ಉಗುಳೇ ಹೆಚ್ಚು ಅನ್ನುತ್ತಾರಲ್ಲ, ಅದು ಅಲ್ಲಿ ದಿನವೂ ನಡೆಯುತ್ತಿತ್ತು.

ಮಕ್ಕಳನ್ನು ದಾರದಿಂದ ಅಳೆಯುತ್ತಿದ್ದರು. ಈ ಕಡೆ ಅಳೆದ ದಾರವನ್ನು ಆ ಕಡೆ ಮತ್ತೆ ಹಿಡಿದು ನೋಡುವರು, ಮಗು ಒಂದು ಎಳೆಯಷ್ಟು ಉದ್ದವಾಗಿದ್ದರೂ ವಾಪಸು. ಅದಕ್ಕೇ ತಾಯಂದಿರು ಮಕ್ಕಳಿಗೆ ಗಾಡಿಯಲ್ಲಿ ಹೊಟ್ಟೆ ತುಂಬ ಉಣಿಸುತ್ತಿರಲಿಲ್ಲ. ಇನ್ನು ಕೈಗೂಸುಗಳು ದಾಟುವ ಮಾತೇ ಇಲ್ಲ, ಅವು ನೋಡುನೋಡುತ್ತಲೇ ಬೆಳೆಯುತ್ತವೆ. ಬಸುರಿಯರಂತೂ ನಿಲ್ದಾಣದ ಮೆಟ್ಟಿಲು ಹತ್ತುವಂತಿರಲಿಲ್ಲ.

ಒಂದು ಬೇಸಗೆಯಲ್ಲಿ ಬಂದ ಗಾಡಿಯೊಂದರಲ್ಲಿ ಒಬ್ಬಳು ಮುದುಕಿ ಮಡಿಲಲ್ಲಿ ಮಣ್ಣಿನ ಕುಡಿಕೆಯೊಂದನ್ನು ಇಟ್ಟುಕೊಂಡು ಕೂತಿದ್ದಳು. ಕುಡಿಕೆಯ ತುಂಬ ಮೊಸರು. ಅವಳ ಮಗಳನ್ನು ಗೆರೆಯ ಆಚೆಗೆ ಕೊಟ್ಟಿತ್ತು. ಮಗಳು ಬಸುರಿಯಾದಾಗ ಚೊಚ್ಚಲ ಹೆರಿಗೆಗೆ ತವರಿಗೆ ಬರಲಾಗಲಿಲ್ಲ, ನಿಯಮ ಬಿಡಲಿಲ್ಲ. ಹೆತ್ತಳು. ಕೂಸಿಗೆ ಮೂರು ತಿಂಗಳಾದಾಗ ಕಾಗದ ಬರೆದಳು. ಇಲ್ಲಿ ಹಾಲಿದೆ, ಮೊಸರಿಲ್ಲ. ಹಾಲು ಹುಳಿಯಾದರೆ ಕೆಟ್ಟಿತೆಂದು ಚೆಲ್ಲುತ್ತಾರೆ, ಹೆಪ್ಪು ಹಾಕುವುದೇ ಇವರಿಗೆ ಗೊತ್ತಿಲ್ಲ. ಬಾಯಿಗೆ ಏನೂ ಸೇರುತ್ತಿಲ್ಲ ಅವ್ವ. ಉಂಡದ್ದು ನಿಲ್ಲುತ್ತಿಲ್ಲ. ಕೂಸಿಗೆ ನನ್ನಲ್ಲಿ ಹಾಲು ಬತ್ತುತ್ತಿದೆ. ನಮ್ಮ ಮನೆಯ ಮೊಸರು ಕಲಸಿದ ಒಂದು ತುತ್ತು ಅನ್ನ ಸಿಕ್ಕಿದರೆ ಬದುಕಿಯೇನು.

ಮುದುಕಿ ಆ ಕಾಗದವನ್ನು ಮೂರು ಸಲ ಓದಿಸಿಕೊಂಡು ಕೇಳಿ, ಮನೆಗೆ ಬೀಗ ಹಾಕಿ ಹೊರಟಿದ್ದಳು. ಅವಳ ಮನೆಯ ಹೆಪ್ಪು ಅವಳ ತಾಯಿಯಿಂದ ಬಂದದ್ದು, ತಾಯಿಗೆ ಅವಳ ತಾಯಿಯಿಂದ ಬಂದದ್ದು. ಅದು ಆರಿದ ದಿನ ಎಂಬುದು ಆ ಮನೆಯಲ್ಲಿ ಇರಲಿಲ್ಲ. ದಾರಿಯಲ್ಲೂ ಆರಬಾರದು. ಹಾಗಾಗಿ ದಿನವೂ ಯಾವುದೋ ನಿಲ್ದಾಣದಲ್ಲಿ ಹಾಲು ಕೊಂಡು, ಕುಡಿಕೆಯಲ್ಲಿ ಒಂದು ಸೌಟು ಮೊಸರು ಉಳಿಸಿ, ಮಿಕ್ಕದ್ದನ್ನು ಗಾಡಿಯ ಆ ಡಬ್ಬಿಯಲ್ಲಿದ್ದವರಿಗೆಲ್ಲ ಹಂಚಿ, ಹಾಲು ತುಂಬಿ ಬಟ್ಟೆ ಕಟ್ಟುತ್ತಿದ್ದಳು. ಬಾಣಂತಿಗೆ ಮೊಸರು ಕೊಡುತ್ತಾರೇನು, ಶೀತವಲ್ಲವೇ ಎಂದು ಹೆಂಗಸರು ಕೇಳಿದರು. ಮೂರು ತಿಂಗಳಾಯಿತಲ್ಲ, ಶೀತಕ್ಕಿಂತ ಹಸಿವು ಕೆಟ್ಟದ್ದು ಎಂದಳು ಮುದುಕಿ.

ಎದುರಿಗೆ ಕೂತಿದ್ದವನು ಕಾಯಿದೆ ಬಲ್ಲವನು. ಅವನ ತೊಡೆಯ ಮೇಲೆ ಸದಾ ಕಾಯಿದೆಯ ಪುಸ್ತಕ ಬಿದ್ದುಕೊಂಡಿರುತ್ತಿತ್ತು. ಗಡಿ ಇನ್ನೂ ಮೂರು ದಿನ ದೂರವಿರುವಾಗಲೇ ತನ್ನ ಉಗುರು ತಾನೇ ಕತ್ತರಿಸಿ ಪೊಟ್ಟಣ ಕಟ್ಟಿ ಇಟ್ಟುಕೊಂಡಿದ್ದ. ಆರು ದಿನವೂ ಮೂರು ಮೂರು ಸಲ ಮೊಸರು ಹಾಕಿಸಿಕೊಂಡು ಉಂಡ. ತಟ್ಟೆ ನೆಕ್ಕಿದ. ಇಂಥ ಗಟ್ಟಿ ಮೊಸರು ಕಂಡಿರಲಿಲ್ಲ ಎಂದ. ಏಳನೆಯ ದಿನ ಬೆಳಿಗ್ಗೆ, ಮೂರನೆಯ ಗಂಟೆಗೆ, ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಉಗುರು, ಕೂದಲು, ಬೀಜದವರ ಮೇಲಿನ ಗಡಿ ಠಾಣೆಯ ಅಧಿಕಾರಿಗೆ ಆ ಕುಡಿಕೆಯನ್ನು ತೋರಿಸಿದ. ಆರು ದಿನ ಡಬ್ಬಿಯವರೆಲ್ಲ ಅದರಿಂದ ತಿಂದಿದ್ದೇವೆ, ಮಾರನೆಯ ದಿನ ನೋಡಿದರೆ ಮತ್ತೆ ತುಂಬಿರುತ್ತದೆ, ಇದು ಬೆಳವಣಿಗೆಯಲ್ಲದೆ ಇನ್ನೇನು ಎಂದ. ಉಂಡ ಮನೆಗೆ ಎರಡು ಬಗೆಯುವವರು ಎಲ್ಲ ಕಾಲಕ್ಕೂ ಇದ್ದಾರೆ, ಆದರೆ ಅದನ್ನು ಕರ್ತವ್ಯ ಎಂದು ಕರೆದು ಎದೆ ಉಬ್ಬಿಸುವವರು ಗಡಿಯಲ್ಲಿ ಮಾತ್ರ ಸಿಗುತ್ತಾರೆ.

ಠಾಣೆಯ ಅಧಿಕಾರಿ ಕುಡಿಕೆಯ ಹತ್ತಿರ ಬಗ್ಗಿದ.

"ಏನಜ್ಜಿ, ಇದು ಬೆಳೆಯುತ್ತಾ?"

"ಬೆಳೆಯೋಕೆ ಅದೇನು ಸೊಪ್ಪಾ ಸ್ವಾಮಿ? ಹಾಲು ಹಾಕಿದ್ರೆ ಹೆಪ್ಪಾಗುತ್ತೆ, ಅಷ್ಟೆ."

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ವರೂ ಹುಟ್ಟಿದ ಲಾಗಾಯ್ತಿನಿಂದ ದಿನಕ್ಕೆರಡು ಹೊತ್ತು ಮೊಸರುಂಡವರು. ಅದು ತಟ್ಟೆಗೆ ಬರುವ ಮೊದಲು ಎಲ್ಲಿರುತ್ತದೆ, ಏನಾಗಿರುತ್ತದೆ ಎಂದು ಒಬ್ಬನಾದರೂ ಒಂದು ದಿನ ಅಡುಗೆಮನೆಗೆ ಇಣುಕಿ ನೋಡಿದವನಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ, ಇವರದು ಬರೀ ಬಾಯಿ. ಉಗುರಿನವನು ಬೆಳೆಯುತ್ತದೆ ಎಂದ, ಕೂದಲಿನವನು ಇಲ್ಲ ಎಂದ, ಬೀಜದವನು ಬೀಜ ತೋರಿಸಿದರೆ ನೋಡೋಣ ಎಂದ. ಸಾಲಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಯಾರನ್ನು ಕೇಳಿದ್ದರೂ ಎರಡು ಮಾತಲ್ಲಿ ಮುಗಿಯುತ್ತಿತ್ತು. ಯಾರೂ ಕೇಳಲಿಲ್ಲ. ಪರೀಕ್ಷೆ ಮಾಡುವುದೆಂದು ತೀರ್ಮಾನವಾಯಿತು. ಗಾಡಿ ಕಾಯಬೇಕೆಂದು ಅಪ್ಪಣೆಯಾಯಿತು.

ಪರೀಕ್ಷೆ ಶಾಸ್ತ್ರೋಕ್ತವಾಗಿಯೇ ನಡೆಯಿತು. ಮೊದಲು ಕುಡಿಕೆಯ ಮೊಸರನ್ನು ಖಾಲಿ ಮಾಡಬೇಕಿತ್ತು. ಚೆಲ್ಲಲು ಮನಸ್ಸಾಗಲಿಲ್ಲ. ಅಧಿಕಾರಿಗಳು ತಮ್ಮ ಊಟದ ಡಬ್ಬಿ ಬಿಚ್ಚಿ ಅನ್ನಕ್ಕೆ ಕಲಸಿಕೊಂಡು, ನಂಜಿಕೊಳ್ಳಲು ಪ್ರಯಾಣಿಕರಿಂದ ಉಪ್ಪಿನಕಾಯಿ ಈಸಿಕೊಂಡು, ಇಡೀ ಮೊಸರನ್ನು ಉಂಡು ತೇಗಿದರು. ಮುದುಕಿ ಬೆಂಚಿನ ತುದಿಯಲ್ಲಿ ಕೂತು ನೋಡಿದಳು. ಆ ಒಂದೊಂದು ತುತ್ತನ್ನೂ ಮಗಳ ಬಾಯಿಂದ ಕಿತ್ತದ್ದೆಂದು ಎಣಿಸಿದಳು. ಬಳಿಕ ಜವಾನ ಕುಡಿಕೆಗೆ ಒಂದಿಷ್ಟು ನೀರು ಹುಯ್ದು ಕುಲುಕಿ ಚೆಲ್ಲಿ, ತೊಳೆದಾಯಿತು ಎಂದು ವರದಿ ಒಪ್ಪಿಸಿದ. ಚಹದ ಅಂಗಡಿಯಿಂದ ಉಗುರುಬೆಚ್ಚಗಿನ ಹಾಲು ಬಂತು. ಅರ್ಧ ಕುಡಿಕೆಗೆ, ಅರ್ಧ ಠಾಣೆಯ ಸ್ಟೀಲ್ ಚೊಂಬಿಗೆ. ಎರಡನ್ನೂ ಬೆಂಚಿನ ಮೇಲಿಟ್ಟು ಸುತ್ತ ಕೂತರು.

ಬಿಸಿಲು ಏರಿತು, ನೆತ್ತಿಗೆ ಬಂತು, ಇಳಿಯಿತು. ಅಷ್ಟು ಹೊತ್ತಿನಲ್ಲಿ ಉಗುರು ಬೆಳೆದಿರಬಹುದೆಂದು ಉಗುರಿನ ಅಧಿಕಾರಿ ಎಲ್ಲರ ಕೈಯನ್ನೂ ಮತ್ತೊಮ್ಮೆ ಹಿಡಿದು ಕೆರೆದ. ಮಕ್ಕಳನ್ನು ಮತ್ತೆ ದಾರ ಹಿಡಿದು ಅಳೆದರು. ಒಬ್ಬಳು ತಾಯಿ ಮಗಳಿಗೆ ಮಂಡಿ ಬಗ್ಗಿಸಿ ನಿಲ್ಲು ಎಂದು ಕಿವಿಯಲ್ಲಿ ಹೇಳಿದಳು. ಆ ಮಗು ಆಮೇಲೆ ಗಾಡಿ ಹೊರಡುವವರೆಗೂ ನೆಟ್ಟಗೆ ನಿಲ್ಲಲೇ ಇಲ್ಲ.

ಇಳಿಹೊತ್ತಿಗೆ ನೋಡಿದರೆ ಚೊಂಬಿನ ಹಾಲು ಹಾಲಾಗಿಯೇ ಇತ್ತು. ಕುಡಿಕೆಯ ಹಾಲು ಹೆಪ್ಪಾಗಿತ್ತು. ಒಳಗೋಡೆಗೆ ಅಂಟಿದ್ದ ಹಳೆಯ ಮೊಸರು ತನ್ನ ಕೆಲಸ ಮಾಡಿತ್ತು. ಅದು ಹೆಂಗಸರಿಗೆಲ್ಲ ಗೊತ್ತಿತ್ತು. ಅಧಿಕಾರಿಗಳಿಗೆ ತಿಳಿದದ್ದು ಬೇರೆ. ಹಾಲು ಒಂದೇ, ಬಿಸಿಲು ಒಂದೇ, ಚೊಂಬಿನದು ಬೆಳೆಯಲಿಲ್ಲ, ಕುಡಿಕೆಯದು ಬೆಳೆಯಿತು. ಅಂದ ಮೇಲೆ ಬೆಳೆಯುವ ವಸ್ತು ಮೊಸರಲ್ಲ, ಕುಡಿಕೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಕಾಯಿದೆ ಬಲ್ಲವನು ಚಪ್ಪಾಳೆ ತಟ್ಟಿದ.

ಕುಡಿಕೆಯನ್ನು ಬಂಧಿಸಲಾಗಿದೆ ಎಂದು ಬರೆದುಕೊಂಡರು. ಅದು ನನ್ನ ತಾಯಿ ಕೊಟ್ಟದ್ದು, ಬಿಟ್ಟುಬಿಡಿ ಎಂದು ಮುದುಕಿ ಬೇಡಿಕೊಂಡಳು. ಹಾಗಾದರೆ ಇದು ಎರಡು ತಲೆಮಾರಿನಿಂದ ಬೆಳೆಯುತ್ತಿದೆ ಎಂದು ಅದನ್ನೂ ಬರೆದುಕೊಂಡರು. ಕಾಯಿದೆ ಬಲ್ಲವನು ಪುಸ್ತಕ ಬಿಚ್ಚಿ, ಮೊಕದ್ದಮೆ ಮುಗಿಯುವವರೆಗೆ ಸಾಕ್ಷಿ ಹೇಳಿದವನು ಸಾಕ್ಷ್ಯದ ವಸ್ತುವಿನ ಜೊತೆಯಲ್ಲೇ ಇರಬೇಕೆಂಬ ನಿಯಮವಿದೆ ಎಂದು ಓದಿದ. ಓದಿದ ಮೇಲೆ ಆ ಸಾಕ್ಷಿ ತಾನೇ ಎಂದು ಅವನಿಗೆ ಹೊಳೆಯಿತು. ಆದರೆ ನಿಯಮ ನಿಯಮವೇ. ತನ್ನ ಪೆಟ್ಟಿಗೆಯನ್ನು ತಾನೇ ಗಾಡಿಯಿಂದ ಇಳಿಸಿಕೊಂಡು ಬೆಂಚಿನ ಮೇಲೆ ಕೂತ.

ಠಾಣೆಯ ಅಧಿಕಾರಿ ಕುಡಿಕೆಯನ್ನು ಎತ್ತಿ, ಬೇರು ಎಲ್ಲಿದೆಯೋ ನೋಡೋಣವೆಂದು ತಳಮೇಲು ಮಾಡಿದ. ಒಳಗಿದ್ದ ಮೊಸರೆಲ್ಲ ಬೆಂಚಿನ ಮೇಲೆ ಬಿತ್ತು. ಸರ್ಕಾರಿ ಬೆಂಚು ಹೊಲಸಾಯಿತೆಂದು ಅವನು ಸಿಡುಕಿದ. ಪ್ರಯಾಣಿಕರ ಹೊಲಸಿಗೆ ಸರ್ಕಾರದ ಬಟ್ಟೆ ಕೊಡುವುದಿಲ್ಲ, ನೀನೇ ಒರೆಸು ಎಂದು ಮುದುಕಿಗೆ ಹೇಳಿದ.

ಮುದುಕಿ ಚೆಲ್ಲಿದ ಮೊಸರನ್ನು ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ಸೊಂಟದಿಂದ ಸೆರಗು ಬಿಚ್ಚಿಕೊಂಡಳು. ಬೆಂಚನ್ನು ಒರೆಸಿದಳು. ಒಮ್ಮೆ ಒರೆಸಿದಳು, ಎರಡನೆಯ ಸಲ ಒರೆಸಿದಳು, ಮೂರನೆಯ ಸಲ ಬೆಂಚಿನ ಸಂದಿಯಲ್ಲಿದ್ದುದನ್ನೂ ಬಿಡದೆ ಬಳಿದು ಒರೆಸಿದಳು. ಸೆರಗಿನ ತುದಿ ಮೊಸರಲ್ಲಿ ನೆಂದು ತೂಗಿತು. ಒಳ್ಳೆಯ ಸೀರೆ ಹಾಳಾಯಿತಲ್ಲಜ್ಜಿ ಎಂದು ಕಾಯಿದೆ ಬಲ್ಲವನು ನಕ್ಕ. ಅಧಿಕಾರಿಗಳೂ ನಕ್ಕರು. ಗಂಡಸರೆಲ್ಲ ನಕ್ಕರು. ಹೆಂಗಸರು ಒಬ್ಬರೂ ನಗಲಿಲ್ಲ. ಅವಳು ಗಾಡಿ ಹತ್ತಿದಾಗ, ಮಗಳಿಗೆ ಮಂಡಿ ಬಗ್ಗಿಸಲು ಹೇಳಿದ್ದವಳು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಅಲ್ಲಿ ಇನ್ನೂ ಬಿಸಿಲಿತ್ತು.

ಗಾಡಿ ಗೆರೆ ದಾಟಿತು. ಆಚೆ ಕಡೆಯ ಅಧಿಕಾರಿಗಳು ಹತ್ತಿ, ದಾರ ಹಿಡಿದು ಮಕ್ಕಳನ್ನು ಅಳೆದು, ಉಗುರು ನೋಡಿ, ಮುದುಕಿಯ ಮುಂದೆ ನಿಂತು ಮೂಗು ಮುಚ್ಚಿಕೊಂಡರು. ಏನಿದು ನಾತ ಎಂದರು. ನಿಮ್ಮ ಪಕ್ಕದ ಠಾಣೆಯವರು ಬೆಂಚು ಒರೆಸಿಸಿದರು ಎಂದಳು. ಕಲೆಯ ಬಗ್ಗೆ ನಿಯಮದಲ್ಲಿ ಏನೂ ಇರಲಿಲ್ಲ. ಕಲೆ ಬೆಳೆಯುವುದಿಲ್ಲ. ಈಚೆಯವರು ಒಬ್ಬ ಮುದುಕಿಯ ಸೀರೆ ಕೆಡಿಸಿದರೆಂದು ಆಚೆಯವರಿಗೆ ಖುಷಿಯೇ ಆಯಿತು.

ಮಗಳು ನಿಲ್ದಾಣಕ್ಕೆ ಬಂದಿದ್ದಳು. ಮೂಳೆ ಚಕ್ಕಳವಾಗಿದ್ದಳು. ಕಂಕುಳಲ್ಲಿ ಕೂಸು ಅಳಲೂ ತ್ರಾಣವಿಲ್ಲದೆ ಕುಂಯ್‌ಗುಡುತ್ತಿತ್ತು. ತಾಯಿಯ ಕೈಗಳು ಬರಿದಾಗಿರುವುದನ್ನು ನೋಡಿ ಮಗಳು ಮುಖ ತಿರುಗಿಸಿಕೊಂಡಳು. ಅವ್ವ ಮೊಸರು ತರಲಿಲ್ಲವೇ ಎಂದು ಕೇಳಲಿಲ್ಲ. ಕೇಳಿದರೆ ಅವ್ವ ನೊಂದಾಳೆಂದು ಕೂಸನ್ನು ಅವಳ ಕೈಗಿಟ್ಟಳು.

ಮನೆಗೆ ಹೋದೊಡನೆ ಮುದುಕಿ ಹಾಲು ಕಾಯಿಸಲು ಹೇಳಿದಳು. ಬೆರಳು ಅದ್ದಿ ನೋಡಿದಳು. ಸೆರಗಿನ ತುದಿ ಒಣಗಿ ಗಡುಸಾಗಿತ್ತು, ಅದನ್ನು ಗಂಟು ಕಟ್ಟಿ ಹಾಲಿನೊಳಗೆ ಇಳಿಬಿಟ್ಟಳು. ಹಿಂದೆ ಗಾಡಿ ಕಟ್ಟಿಕೊಂಡು ದೂರ ಹೋಗುವ ಕಾಲಕ್ಕೆ ಹೆಂಗಸರು ಮೊಸರಲ್ಲಿ ಬಟ್ಟೆ ಅದ್ದಿ ಒಣಗಿಸಿ ಹೆಪ್ಪು ಒಯ್ಯುತ್ತಿದ್ದುದನ್ನು ಅವಳ ತಾಯಿ ಹೇಳಿದ್ದಳು. ಅವಳು ಅದನ್ನು ಮರೆತೇ ಬಿಟ್ಟಿದ್ದಳು. ಒರೆಸು ಎಂದು ಆ ಮನುಷ್ಯ ಸಿಡುಕಿದಾಗ ನೆನಪಾಯಿತು. ಸೆರಗು ತೆಗೆಯದೆ, ಪಾತ್ರೆಯ ಪಕ್ಕದಲ್ಲೇ ಗೋಡೆಗೆ ಒರಗಿ ನಿದ್ದೆಹೋದಳು. ಮಾರನೆಯ ದಿನ ಎದ್ದು ನೋಡಿದಾಗ ಹಾಲು ಗಟ್ಟಿಯಾಗಿತ್ತು.

ಅನ್ನಕ್ಕೆ ಕಲಸಿ, ಉಪ್ಪು ಹಾಕಿ, ಮಗಳ ಬಾಯಿಗಿಟ್ಟಳು. ಮಗಳು ನುಂಗಿದಳು. ಇನ್ನೊಂದು ತುತ್ತು ಎಂದು ಬಾಯಿ ತೆರೆದಳು, ಚಿಕ್ಕವಳಿದ್ದಾಗ ತೆರೆಯುತ್ತಿದ್ದ ಹಾಗೆಯೇ. ತಾಯಿ ಮಗಳು ಇಬ್ಬರೂ ಅತ್ತರು. ಹತ್ತು ದಿನಕ್ಕೆ ಕೂಸು ಜೋರಾಗಿ ಅಳತೊಡಗಿತು, ಹಾಲು ಸಾಲದೆಂದು ಅಲ್ಲ, ಸುಮ್ಮನೆ, ಎಲ್ಲ ಕೂಸುಗಳು ಅಳುವ ಹಾಗೆ. ಅಕ್ಕಪಕ್ಕದ ಮನೆಯ ಹೆಂಗಸರು ಬಟ್ಟಲು ಹಿಡಿದು ಹೆಪ್ಪಿಗೆ ಬರತೊಡಗಿದರು.

ನಲವತ್ತು ದಿನ ಕಳೆದು ಮುದುಕಿ ಹೊರಟಳು. ಊರಲ್ಲಿ ಬೀಗ ಹಾಕಿದ ಮನೆಯಲ್ಲಿ ಹೆಪ್ಪು ಆರಿಹೋಗಿತ್ತು, ಅದಕ್ಕೆ ಮಗಳೇ ಅವ್ವನ ಸೆರಗಿನ ತುದಿಯನ್ನು ಮೊಸರಿಗೆ ಅದ್ದಿ ಹಿಂಡದೆ ಬಿಟ್ಟಳು. ಕೂಸನ್ನು ತೊಡೆಯಿಂದ ಇಳಿಸುವಾಗ ಮುದುಕಿಗೆ ಜೀವವೇ ಹೋದಂತಾಯಿತು. ಈ ಕೂಸು ತನ್ನ ತಾಯಿಯ ತವರು ನೋಡಬೇಕಾದರೆ ಬೆಳೆಯುವುದೆಲ್ಲ ಬೆಳೆದು ಮುಗಿಯಬೇಕು. ಅಷ್ಟು ದಿನ ತಾನು ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ನಿಯಮ ಬರೆದವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿದಳು. ಬೇರೆ ಏನೂ ಮಾಡುವಂತಿರಲಿಲ್ಲ.

ಹೆಸರಿಲ್ಲದ ಊರಲ್ಲಿ ಗಾಡಿ ನಿಂತಿತು. ಮೊದಲ ಗಂಟೆಗೆ ಉಗುರು ಕೊಟ್ಟಳು, ಎರಡನೆಯ ಗಂಟೆಗೆ ಜಡೆಯ ತುದಿ ಕೊಟ್ಟಳು, ಮೂರನೆಯ ಗಂಟೆಗೆ ಬರಿಗೈ ತೋರಿಸಿದಳು. ಬೆಂಚಿನ ಮೇಲೆ ಕಾಯಿದೆ ಬಲ್ಲವನು ಇನ್ನೂ ಕೂತಿದ್ದ. ಅಷ್ಟು ದಿನ ಠಾಣೆಯ ಅನ್ನ ಉಂಡು ಅವನಿಗೆ ಹೊಟ್ಟೆ ಬಂದಿತ್ತು. ಹೊಟ್ಟೆಯ ಸುತ್ತ ದಾರ ಕಟ್ಟಿದ್ದರು. ಬೆಳೆಯುತ್ತಿರುವುದು ಖಚಿತವಾದ್ದರಿಂದ ಇನ್ನು ಅವನು ಯಾವ ಕಡೆಗೂ ದಾಟುವಂತಿಲ್ಲ. ದಾರವನ್ನು ದಿನವೂ ತಾನೇ ಬಿಗಿದು ಕಟ್ಟಿಕೊಳ್ಳುತ್ತೇನೆ, ಅಧಿಕಾರಿಗಳಿಗೆ ತೊಂದರೆ ಕೊಡುವುದಿಲ್ಲ ಎಂದು ಅವನು ಮುದುಕಿಗೆ ಹೆಮ್ಮೆಯಿಂದ ಹೇಳಿದ.

ಬೀಗದ ಕೋಣೆಯ ಮುಂದೆ ಕೋವಿ ಹಿಡಿದ ಕಾವಲಿತ್ತು. ಒಳಗೆ ಪೀಠದ ಮೇಲೆ ಅವಳ ಕುಡಿಕೆ. ಕುತ್ತಿಗೆಗೆ ಸರಪಳಿ. ಠಾಣೆಯ ಅಧಿಕಾರಿ ಮುದುಕಿಯನ್ನು ಗುರುತು ಹಿಡಿದು, ಅತ್ತಿತ್ತ ನೋಡಿ, ಪಕ್ಕಕ್ಕೆ ಕರೆದ. ಈ ಸಲ ಅವನ ಮಾತು ಮೆತ್ತಗಿತ್ತು. ರಾಜಧಾನಿಯಿಂದ ದೊಡ್ಡವರು ಕುಡಿಕೆಯನ್ನು ನೋಡಲು ಬರುತ್ತಾರಂತೆ. ಅವರ ಕಣ್ಣಿಗೆ ಸಾಕ್ಷ್ಯ ಚೊಕ್ಕವಾಗಿ ಕಾಣಲೆಂದು ಬೂದಿ ಹಾಕಿ ತಿಕ್ಕಿ, ಕುದಿಯುವ ನೀರಲ್ಲಿ ಅದ್ದಿ ತೊಳೆಸಿದ್ದರಂತೆ. ಅಂದಿನಿಂದ ದಿನವೂ ಹಾಲು ಹುಯ್ದರೂ ಹೆಪ್ಪಾಗುತ್ತಿಲ್ಲ, ನಾರುತ್ತಿದೆ. ದೊಡ್ಡವರ ಮುಂದೆ ಬೆಳೆಯದಿದ್ದರೆ, ಬೆಳೆಯದ ವಸ್ತುವನ್ನು ಬಂಧಿಸಿದ ತಪ್ಪಿಗೆ ತನ್ನ ಕೆಲಸ ಹೋಗುತ್ತದೆ.

"ಏನಾದ್ರೂ ಮಾಡಿ ಅಜ್ಜಿ. ನಿಮ್ಮ ಕುಡಿಕೆ ಬೆಳೆಯೋದನ್ನೇ ನಿಲ್ಲಿಸಿಬಿಟ್ಟಿದೆ."

ಮುದುಕಿ ಕಂಬಿಗಳ ಆಚೆ ಇದ್ದ ತನ್ನ ತಾಯಿಯ ಕುಡಿಕೆಯನ್ನು ಒಂದು ಸಲ ಕಣ್ತುಂಬ ನೋಡಿಕೊಂಡಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಇನ್ನಷ್ಟು ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಸೆರೆಯಲ್ಲಿ ಇಟ್ಟಿದ್ದೀರಲ್ಲ ಸ್ವಾಮಿ. ಯಾವುದು ತಾನೇ ಬೆಳೆದೀತು?"

ಗಾಡಿ ಹೊರಡುವ ಗಂಟೆ ಹೊಡೆಯಿತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಸೆರಗಿನ ತುದಿ ಬಿಡಿಸಿ ಬಿಸಿಲಿಗೆ ಹರವಿದಳು. ಅದು ಪ್ಲಾಟ್‌ಫಾರಂ ಮೇಲೆ ನಿಂತಿದ್ದ ಅಧಿಕಾರಿಯ ಮೂಗಿನ ಮುಂದೆಯೇ ಹಾದುಹೋಯಿತು. ಅವನು ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಆಮೇಲೆ ಕೋಣೆಯ ಬೀಗ ತೆಗೆಸಿ, ಕೆಟ್ಟ ಹಾಲು ಚೆಲ್ಲಿಸಿ, ಕುಡಿಕೆಗೆ ಮತ್ತೆ ಹೊಸ ಹಾಲು ಹುಯ್ಯಿಸಿ, ಸುತ್ತ ಎಲ್ಲರನ್ನೂ ಕೂರಿಸಿಕೊಂಡು ಕಾಯುತ್ತ ಕೂತ.